ಎಣ್ಣೆ ಹಚ್ಚುವ ಮುನ್ನ



ಕಳೆದ ತಿಂಗಳು ಕೃಷ್ಣರಾಜಪೇಟೆಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ನನ್ನ ಎದುರಿಗೆ ಕುಳಿತಿದ್ದವನು ನನ್ನ ಹಳೆಯ ವಿದ್ಯಾರ್ಥಿ. ವಯಸ್ಸು ಮೂವತ್ತೆರಡೋ ಮೂವತ್ತಮೂರೋ ಇರಬೇಕು. ಸ್ವಂತ ಜಮೀನಿದೆ, ಹೇಮಾವತಿ ನಾಲೆಯ ನೀರಿದೆ, ಎರಡು ಹಸು ಕಟ್ಟಿ ಡೈರಿಗೆ ಹಾಲು ಹಾಕುತ್ತಾನೆ. ಎಲೆಯ ಮುಂದೆ ಕುಳಿತರೂ ತಲೆಯ ಮೇಲಿನ ಟೋಪಿ ತೆಗೆದಿರಲಿಲ್ಲ. ಮೂವತ್ತೈದು ವರ್ಷ ತರಗತಿಯಲ್ಲಿ ನಿಂತವನ ಬಾಯಿ ಸುಮ್ಮನಿರುತ್ತದೆಯೇ? "ಟೋಪಿ ತೆಗೆದಿಟ್ಟು ಊಟ ಮಾಡಪ್ಪ" ಎಂದುಬಿಟ್ಟೆ. ಅವನು ತಲೆ ತಗ್ಗಿಸಿದನೇ ಹೊರತು ಟೋಪಿ ತೆಗೆಯಲಿಲ್ಲ.

ಊಟವಾದ ಮೇಲೆ ಛತ್ರದ ಹಿಂದಿನ ಹೊಂಗೆಯ ಮರದ ಕೆಳಗೆ ಅವನೇ ಬಂದು ನಿಂತ. ಟೋಪಿ ತೆಗೆದು ತೋರಿಸಿದ. ಹಣೆಯ ಎರಡು ಬದಿಗಳಿಂದ ಕೂದಲು ಹಿಂದಕ್ಕೆ ಸರಿದಿತ್ತು, ನೆತ್ತಿ ತೆಳ್ಳಗಾಗಿತ್ತು. ಮೊಬೈಲಿನಲ್ಲಿ ಜಾಹೀರಾತು ಕಂಡು ಮೂರು ಸೀಸೆ ಎಣ್ಣೆ ತರಿಸಿದ್ದಾನೆ. ನಾಲ್ಕೂವರೆ ಸಾವಿರ ರೂಪಾಯಿ. ಒಂದು ಸೀಸೆ ಮುಗಿದಿದೆ, ಕೂದಲು ಬಂದಿಲ್ಲ. "ನೋಡಕ್ ಬಂದೋರು ಮೊದ್ಲು ತಲೆ ನೋಡ್ತರೆ ಮೇಷ್ಟ್ರೇ, ಜಮೀನು ಆಮೇಲೆ. ಎಣ್ಣೆ ಅತ್ತುದ್ರೆ ಎಣ್ಣು ಸಿಕ್ತದೆ ಅಂತ ನಮ್ಮೂರಲ್ಲೇ ಗೇಲಿ ಮಾಡ್ತರೆ ಸಾ" ಎಂದ. ಹಕಾರ ನುಂಗುವ ನಮ್ಮ ಸೀಮೆಯ ಮಾತಿನಲ್ಲಿ ಎಣ್ಣೆಗೂ ಹೆಣ್ಣಿಗೂ ಎಷ್ಟು ಸಮೀಪ! ಆದರೆ ನಗುವ ಸ್ಥಿತಿಯಲ್ಲಿ ಅವನಿರಲಿಲ್ಲ, ನಾನೂ ನಗಲಿಲ್ಲ.

ದೂರದ ಊರುಗಳಲ್ಲಿರುವ ನಿಮ್ಮಲ್ಲಿ ಕೆಲವರಿಗೆ ಇದು ಅತಿಶಯೋಕ್ತಿ ಎನಿಸಬಹುದು. 2022ರ ನವೆಂಬರಿನಲ್ಲಿ ನಮ್ಮ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ವಧೂವರರ ಸಮಾವೇಶ ನಡೆದಾಗ ಹುಡುಗಿಯರು ಕೆಲವು ನೂರು, ಹುಡುಗರು ಹಲವು ಸಾವಿರ. 2023ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮದುವೆಯಾಗದ ಯುವಕರು ಹೆಣ್ಣು ಸಿಗಲೆಂದು ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟದ್ದು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಹೆಣ್ಣುಮಕ್ಕಳನ್ನು ಹುಟ್ಟುವ ಮೊದಲೇ ಬೇಡವೆಂದ ಸೀಮೆ ಇದು. ಅದರ ಫಲವನ್ನು ಇಂದಿನ ಹುಡುಗರು ಉಣ್ಣುತ್ತಿದ್ದಾರೆ. ಅದು ಬೇರೆಯೇ ಲೇಖನದ ವಿಷಯ. ಇಂಥ ಸಂತೆಯಲ್ಲಿ ತಲೆಗೂದಲೂ ಒಂದು ತೂಕದ ಕಲ್ಲಾಗಿಬಿಟ್ಟಿದೆ ಎಂಬುದಷ್ಟೇ ಇಲ್ಲಿ ಪ್ರಸ್ತುತ. ನಮ್ಮ ತಂದೆಯ ಕಾಲದಲ್ಲಿ ಮುಂಡಾಸು ಇತ್ತು, ಪೇಟವಿತ್ತು. ಅದರ ಕೆಳಗೆ ಕೂದಲಿದೆಯೋ ಇಲ್ಲವೋ ಯಾರಿಗೆ ಬೇಕಿತ್ತು? ನನ್ನ ತಲೆ ನಲವತ್ತಕ್ಕೇ ಬೋಳಾಯಿತು. ಮಕ್ಕಳು ನನಗಿಟ್ಟ ಅಡ್ಡಹೆಸರು ಗೊತ್ತಿಲ್ಲವೆಂದು ನೀವು ತಿಳಿದಿದ್ದರೆ ಅದು ನಿಮ್ಮ ತಪ್ಪು. 2017ರಲ್ಲಿ ರಾಜ್ ಬಿ. ಶೆಟ್ಟಿಯವರು "ಒಂದು ಮೊಟ್ಟೆಯ ಕಥೆ" ಚಿತ್ರದಲ್ಲಿ ಬೋಳುತಲೆಯ ಕನ್ನಡ ಅಧ್ಯಾಪಕನೊಬ್ಬನ ಹೆಣ್ಣು ಹುಡುಕುವ ಪಾಡನ್ನು ತೋರಿಸಿದಾಗ ನಾನು ಎಲ್ಲರಿಗಿಂತ ಗಟ್ಟಿಯಾಗಿ ನಕ್ಕೆ. ನನಗೆ ಆಗಲೇ ಮದುವೆಯಾಗಿತ್ತಲ್ಲ!

ಅಂದು ಆ ಹುಡುಗನಿಗೆ ನಾನು ಹೇಳಿದ ಮಾತುಗಳನ್ನೇ ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ. ಹೇಳುವ ಅರ್ಹತೆ ನನಗೆ ಬಂದದ್ದು ಪುಸ್ತಕದಿಂದಲ್ಲ, ನಾನು ಮಾಡಿದ ಒಂದು ತಪ್ಪಿನಿಂದ. ಆ ತಪ್ಪನ್ನು ಇದುವರೆಗೆ ಎಲ್ಲಿಯೂ ಬರೆದಿಲ್ಲ. ತಪ್ಪಿಗೆ ಗುರಿಯಾದವರು ಈ ಪುಟದ ಓದುಗರೇ ಆಗಿದ್ದಾರೆ; ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

1991ರ ಕೊನೆಯ ತಿಂಗಳುಗಳು. ನಾನು ಆಗ ಪಾಂಡವಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ತಲೆಗೆ ವಸ್ತ್ರ ಸುತ್ತಿಕೊಂಡು ಬರತೊಡಗಿದಳು. ಕಾರಣ ಕೇಳಿದಾಗ ಅತ್ತಳು. ನೆತ್ತಿಯ ಬಲಭಾಗದಲ್ಲಿ ರೂಪಾಯಿಯಗಲದ ಎರಡು ಜಾಗಗಳಲ್ಲಿ ಕೂದಲು ಪೂರ್ತಿ ಉದುರಿ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಹುಳು ತಿಂದ ತಲೆಯೆಂದು ಹುಡುಗರು ಅಣಕಿಸುತ್ತಿದ್ದರಂತೆ. ನನ್ನ ತಾಯಿ ನಾಗಮಂಗಲದ ಕಡೆಯವರು; ಇದಕ್ಕೆ ಗುಲಗಂಜಿ ಬೀಜವನ್ನು ಅರೆದು ಹಚ್ಚಬೇಕೆಂದು ಅವರು ಹೇಳುತ್ತಿದ್ದುದು ನನಗೆ ನೆನಪಿತ್ತು. ಜಾಗವನ್ನು ಒರಟಾದ ಎಲೆಯಿಂದ ಕೆಂಪಾಗುವವರೆಗೆ ಉಜ್ಜಿ ಹಚ್ಚಬೇಕು. ನಾನು ಅದನ್ನು ಒಂದು ಚೀಟಿಯಲ್ಲಿ ಬರೆದು, ಅವಳ ಅಜ್ಜಿಗೆ ಕೊಡೆಂದು ಕಳುಹಿಸಿದೆ. ಮೇಷ್ಟ್ರು ಬರೆದು ಕೊಟ್ಟದ್ದು ಆ ಮನೆಯಲ್ಲಿ ವೈದ್ಯರ ಚೀಟಿಗಿಂತ ದೊಡ್ಡದಾಯಿತು.

ಗುಲಗಂಜಿ ಘೋರ ವಿಷ. ಆಯುರ್ವೇದದವರು ಅದನ್ನು ಹಾಲಿನಲ್ಲಿ ಬೇಯಿಸಿ ಶೋಧಿಸದೆ ಬಳಸುವುದಿಲ್ಲ. ನಮ್ಮ ದೇಶದ ಔಷಧ ನಿಯಮಗಳ ವಿಷದ್ರವ್ಯಗಳ ಪಟ್ಟಿಯಲ್ಲಿಯೂ ಅದರ ಹೆಸರಿದೆ. ನನ್ನ ಚೀಟಿಯಲ್ಲಿ ಶೋಧನೆಯ ಮಾತೇ ಇರಲಿಲ್ಲ. ಮೂರನೆಯ ದಿನಕ್ಕೆ ಬೊಬ್ಬೆ ಎದ್ದು, ಒಡೆದು, ಕೀವಾಯಿತು. ಜ್ವರ ಬಂತು. ಮೈಸೂರಿಗೆ ಕರೆದೊಯ್ದು ವಾಸಿ ಮಾಡಿಸುವಷ್ಟರಲ್ಲಿ ಐದು ವಾರ ಕಳೆದಿತ್ತು. ಮತ್ತೆ ಶಾಲೆಗೆ ಬರಲು ಅವಳು ಒಪ್ಪಲಿಲ್ಲ. ಆ ವರ್ಷ ಪರೀಕ್ಷೆಗೂ ಕೂರಲಿಲ್ಲ. ಆ ಎರಡು ಜಾಗಗಳಲ್ಲಿ ಗಾಯದ ಕಲೆ ಉಳಿದು ಕೂದಲು ಮತ್ತೆ ಬರಲೇ ಇಲ್ಲ.

ನನ್ನ ನಿದ್ದೆ ಕೆಡಿಸಿದ್ದು ಇನ್ನೊಂದು ಸಂಗತಿ. ಅವಳ ಕಿವಿಯ ಹಿಂದೆ ಅಂಥದೇ ಮೂರನೆಯ ಜಾಗವೊಂದಿತ್ತಂತೆ. ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲವಾದ್ದರಿಂದ ಯಾರೂ ಏನನ್ನೂ ಹಚ್ಚಿರಲಿಲ್ಲ. ಐದಾರು ತಿಂಗಳಲ್ಲಿ ಅಲ್ಲಿ ಕೂದಲು ತಾನಾಗಿಯೇ ಬಂತು.

ನನ್ನ ಶಿಷ್ಯರಿಗೆಲ್ಲ ಎರಡು ಕುಂಡಗಳ ಪಾಠ ನೆನಪಿರಬೇಕು. ಗೊಬ್ಬರದಿಂದ ಗಿಡ ಬೆಳೆಯಿತೆಂದು ಹೇಳಬೇಕಾದರೆ ಗೊಬ್ಬರ ಹಾಕದ ಇನ್ನೊಂದು ಕುಂಡ ಪಕ್ಕದಲ್ಲಿರಬೇಕು. ಇಲ್ಲವಾದರೆ ಗಿಡ ಬೆಳೆದದ್ದು ಗೊಬ್ಬರದಿಂದಲೋ ಮಳೆಯಿಂದಲೋ ಹೇಳಲಾಗದು. ಪ್ರತಿ ವರ್ಷ ಹುರುಳಿಕಾಳು ನೆಟ್ಟು ತೋರಿಸುತ್ತಿದ್ದೆ. ಆ ಪಾಠ ಮಾಡುವವನಿಗೇ ತನ್ನ ತಾಯಿಯ ಮದ್ದಿನ ಪಕ್ಕದಲ್ಲಿ ಎರಡನೆಯ ಕುಂಡ ಇಡಬೇಕೆಂದು ಹೊಳೆಯಲಿಲ್ಲ. ಆ ಹುಡುಗಿಯ ಕಿವಿಯ ಹಿಂದಿನ ಜಾಗವೇ ನನ್ನ ಎರಡನೆಯ ಕುಂಡವಾಯಿತು.

ವೃತ್ತಾಕಾರವಾಗಿ ಕೂದಲು ಉದುರುವ ಈ ತೊಂದರೆಗೆ ಹಳಬರು ಇಂದ್ರಲುಪ್ತವೆಂದರು. ಹುಳುವಿಗೂ ಇದಕ್ಕೂ ಸಂಬಂಧವಿಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಕೂದಲಿನ ಬೇರಿನ ಮೇಲೆ ಬೀಳುವುದು ಇದರ ಕಾರಣ. ಬೇರು ಸಾಯುವುದಿಲ್ಲ, ಮುನಿಸಿಕೊಂಡಂತೆ ಸುಮ್ಮನಾಗುತ್ತದೆ. ಇಂಥವರಲ್ಲಿ ಮೂರನೆಯ ಒಂದು ಭಾಗದಿಂದ ಅರ್ಧದಷ್ಟು ಮಂದಿಗೆ ಒಂದು ವರ್ಷದೊಳಗೆ ಕೂದಲು ತಾನೇ ಮರಳುತ್ತದೆ. ಅಷ್ಟರಲ್ಲಿ ಯಾರು ಏನು ಹಚ್ಚಿದ್ದರೋ ಅದಕ್ಕೆ ಕೀರ್ತಿ! ನೂರು ಮಂದಿಗೆ ಮದ್ದು ಕೊಟ್ಟ ಪಂಡಿತನ ಬಳಿ ಮೂವತ್ತು ನಲವತ್ತು ಮಂದಿ ಕೃತಜ್ಞರು ಸಿಗುತ್ತಾರೆ. ಗುಣವಾಗದವರು ಮತ್ತೆ ಅವನ ಬಾಗಿಲಿಗೆ ಹೋಗುವುದಿಲ್ಲ.

ಇನ್ನೊಂದು ಬಗೆ ನಮ್ಮ ಮನೆಯಲ್ಲೇ ಆಯಿತು. 2021ರಲ್ಲಿ ನನ್ನ ಶ್ರೀಮತಿಗೆ ಕೋವಿಡ್ ಬಂದು ಗುಣವಾದ ಎರಡೂವರೆ ತಿಂಗಳಿಗೆ ಬಾಚಣಿಗೆ ತುಂಬ ಕೂದಲು ಬರತೊಡಗಿತು. ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತವೆ. ದಿನಕ್ಕೆ ಐವತ್ತರಿಂದ ನೂರು ಉದುರುವುದು ಸಹಜ. ದೊಡ್ಡ ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆಗಳ ಆಘಾತಕ್ಕೆ ಬಹಳಷ್ಟು ಕೂದಲು ಒಮ್ಮೆಗೇ ಬೆಳವಣಿಗೆ ನಿಲ್ಲಿಸಿ ವಿಶ್ರಾಂತಿಗೆ ಹೋಗುತ್ತವೆ. ಎರಡು ಮೂರು ತಿಂಗಳ ಬಳಿಕ ಒಟ್ಟಿಗೆ ಉದುರುತ್ತವೆ. ಸಾಮಾನ್ಯವಾಗಿ ಆರು ತಿಂಗಳಲ್ಲಿ ಉದುರುವಿಕೆ ನಿಂತು ಹೊಸವು ಬರುತ್ತವೆ. ಈಕೆ ಕರಿಬೇವು, ದಾಸವಾಳ, ಮೆಂತ್ಯ ಹಾಕಿ ಕಾಯಿಸಿದ ಎಣ್ಣೆ ಹಚ್ಚಿದಳು; ಕೂದಲು ಬಂತು. ಅದೇ ಜ್ವರ ಬಂದಿದ್ದ ಪಕ್ಕದ ಮನೆಯ ಅತ್ತಿಗೆ ಏನೂ ಹಚ್ಚಲಿಲ್ಲ, ಅವರಿಗೂ ಬಂತು. ಎರಡು ಕುಂಡಗಳನ್ನು ತೋರಿಸಿ ನಾನು ವಾದ ಹೂಡಿದೆ. "ಅವರದ್ದು ನನ್ನಷ್ಟು ದಟ್ಟವಾಗಿ ಬಂದಿದೆಯಾ, ನೋಡಿ ಹೇಳಿ" ಎಂದಳು. ನೆರೆಮನೆಯ ಹೆಣ್ಣುಮಗಳ ತಲೆಯನ್ನು ಹಾಗೆಲ್ಲ ನೋಡಲಾದೀತೇ? ವಾದ ಅಲ್ಲಿಗೆ ನಿಂತಿತು.

ಹಾಗೆಂದು ಎಣ್ಣೆ ವ್ಯರ್ಥವೆಂದು ನಾನು ಹೇಳುವುದಿಲ್ಲ. ಚರ್ಮದಿಂದ ಹೊರಗಿರುವ ಕೂದಲಿಗೆ ಜೀವವಿಲ್ಲ. ನೂಲಿನಂತೆ ಅದು ಸವೆಯುತ್ತದೆ, ಸೀಳುತ್ತದೆ. ತೆಂಗಿನೆಣ್ಣೆ ಆ ಎಳೆಯೊಳಗೆ ಇಳಿದು, ತೊಳೆಯುವಾಗ ಆಗುವ ಪ್ರೋಟೀನಿನ ನಷ್ಟವನ್ನು ಕಡಿಮೆ ಮಾಡುತ್ತದೆಂದು 2003ರಲ್ಲಿ ಪ್ರಕಟವಾದ ಭಾರತೀಯ ಸಂಶೋಧನೆಯೊಂದು ತೋರಿಸಿತು. ಅದೇ ಪರೀಕ್ಷೆಯಲ್ಲಿ ಸೂರ್ಯಕಾಂತಿ ಎಣ್ಣೆಯಿಂದ ಆ ಪ್ರಯೋಜನ ಸಿಗಲಿಲ್ಲ. ಇದ್ದ ಕೂದಲನ್ನು ಕಾಯುವುದು ಒಂದು, ಇಲ್ಲದ ಕೂದಲನ್ನು ಹುಟ್ಟಿಸುವುದು ಇನ್ನೊಂದು. ಶ್ರೀರಂಗಪಟ್ಟಣ, ಪಾಂಡವಪುರಗಳ ಗದ್ದೆಯ ಬದುವಿನಲ್ಲಿ ಬೆಳೆಯುವ ಗರುಗದ ಸೊಪ್ಪನ್ನು ಜಜ್ಜಿ ಎಣ್ಣೆ ಕಾಯಿಸುತ್ತಿದ್ದ, ನಾಗಮಂಗಲದ ಹೊಲದಂಚಿನ ಹರಳನ್ನು ಹುರಿದು ಕುಟ್ಟಿ ಎಣ್ಣೆ ತೆಗೆಯುತ್ತಿದ್ದ ನಮ್ಮ ಅಜ್ಜಿಯರು ಮೊದಲನೆಯದನ್ನು ಚೆನ್ನಾಗಿಯೇ ಮಾಡಿದರು. ವಾರಕ್ಕೊಮ್ಮೆ ಎಣ್ಣೆ ಒತ್ತಿ, ಸೀಗೆಪುಡಿ ಹಚ್ಚಿ, ಹಂಡೆಯ ಬಿಸಿನೀರು ಎರೆಯುವಾಗ ಮೊಮ್ಮಕ್ಕಳ ಕಣ್ಣಿಗೆ ಸೀಗೆ ಬಿದ್ದು ರಂಪವಾಗುತ್ತಿತ್ತೇ ಹೊರತು ಬೋಳುತಲೆಯಲ್ಲಿ ಕೂದಲು ಬರಿಸುತ್ತೇನೆಂದು ಯಾವ ಅಜ್ಜಿಯೂ ಹೇಳಿದ್ದು ನಾನು ಕೇಳಿಲ್ಲ. ತಾತಂದಿರ ತಲೆ ಅವರ ಎದುರಿಗೇ ಇತ್ತಲ್ಲ!

ಎರಡನೆಯ ಕುಂಡವಿಟ್ಟು ಪರೀಕ್ಷಿಸಿದ ಮನೆಮದ್ದೂ ಇದೆ. ಬಾಗ್ದಾದಿನ ವೈದ್ಯರು ಇಂದ್ರಲುಪ್ತಕ್ಕೆ ಈರುಳ್ಳಿಯ ರಸವನ್ನು ಪ್ರಯೋಗಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಈರುಳ್ಳಿ ರಸ ಹಚ್ಚಿಕೊಂಡ 23 ಮಂದಿಯಲ್ಲಿ 20 ಮಂದಿಗೆ ಆರು ವಾರಗಳಲ್ಲಿ ಕೂದಲು ಬಂತು; ಬರಿಯ ನಲ್ಲಿನೀರು ಹಚ್ಚಿಕೊಂಡವರಲ್ಲಿ ಇಬ್ಬರಿಗೆ ಮಾತ್ರ. ಪರೀಕ್ಷೆ ಚಿಕ್ಕದಾದರೂ ಗೌರವಕ್ಕೆ ಅರ್ಹವಾದದ್ದು. ಆದರೆ ಅದು ಇಂದ್ರಲುಪ್ತದ ಮಾತು; ತಂದೆತಾತಂದಿರಿಂದ ಬಂದ ಬೋಳಿನದಲ್ಲ. ಈಗ ಎಲ್ಲರ ಬಾಯಲ್ಲಿರುವ ರೋಸ್‌ಮೆರಿ ಎಣ್ಣೆಯ ಕಥೆ ನೋಡಿ. ಇರಾನಿನಲ್ಲಿ 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 100 ಮಂದಿಯನ್ನು ಎರಡು ಪಾಲು ಮಾಡಿ, ಕೆಲವರಿಗೆ ಈ ಎಣ್ಣೆಯನ್ನೂ ಉಳಿದವರಿಗೆ ಶೇಕಡ 2ರ ಮಿನಾಕ್ಸಿಡಿಲ್ ದ್ರಾವಣವನ್ನೂ ಆರು ತಿಂಗಳು ಕೊಟ್ಟರು. ಎರಡರ ಫಲವೂ ಹೆಚ್ಚುಕಡಿಮೆ ಒಂದೇ ಎಂದರು. ಏನೂ ಹಚ್ಚದ ಕುಂಡವನ್ನು ಅವರು ಇಡಲಿಲ್ಲ. ನನ್ನ ಒಂಬತ್ತನೆಯ ತರಗತಿಯ ಮಕ್ಕಳು ಇಂಥ ವರದಿ ತಂದಿದ್ದರೆ ಹತ್ತಕ್ಕೆ ಐದು ಅಂಕ ಕೊಡುತ್ತಿದ್ದೆ.

ಉಗುರುಗಳನ್ನು ಪರಸ್ಪರ ಉಜ್ಜುವ ವಿದ್ಯೆಯ ಬಗ್ಗೆ ಹೇಳುವುದೇ ಬೇಡ. ಒಂದು ಕಾಲದಲ್ಲಿ ಶ್ರೀರಂಗಪಟ್ಟಣದ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುವ ಅರ್ಧ ಜನ ಉಗುರುಜ್ಜುತ್ತ ನಿಂತಿರುತ್ತಿದ್ದರು. ಖರ್ಚಿಲ್ಲ, ಗಾಯವಿಲ್ಲ, ಇರಲಿ.

ನನ್ನ ಶಿಷ್ಯನ ಸೀಸೆಯ ಮೇಲೆ ಆದಿವಾಸಿಗಳ ಹೆಸರಿತ್ತು, ಮೊಣಕಾಲಿನವರೆಗೆ ಕೂದಲು ಬಿಟ್ಟ ಹೆಂಗಸಿನ ಚಿತ್ರವಿತ್ತು. ಈ ಎಣ್ಣೆಯ ಮೂಲ ನಮಗೆ ದೂರದ್ದಲ್ಲ. ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರದು. ಬೇಟೆ ಅವರ ಕುಲಕಸುಬಾಗಿತ್ತು; 1972ರ ವನ್ಯಜೀವಿ ಕಾಯ್ದೆಯ ನಂತರ ಅದು ಅಪರಾಧವಾಯಿತು. ಮಣಿಸರ, ಬೇರು, ಎಣ್ಣೆ ಮಾರುತ್ತ ಜಾತ್ರೆಯಿಂದ ಜಾತ್ರೆಗೆ ನಡೆದರು. ಅಲ್ಲಿಂದ ಆಫ್ರಿಕದವರೆಗೂ ಹೋದರು. 2023ರ ಏಪ್ರಿಲಿನಲ್ಲಿ ಸೂಡಾನಿನಲ್ಲಿ ಕಾಳಗ ಹತ್ತಿದಾಗ ಅಲ್ಲಿ ಸಿಕ್ಕಿಬಿದ್ದ ಕನ್ನಡಿಗರಲ್ಲಿ ಇವರೇ ಮುಖ್ಯರಾಗಿದ್ದರು. ಮನೆಯಲ್ಲಿ ವಾಗ್ರಿ ನುಡಿಯುವ, ಹೊರಗೆ ನಾಲ್ಕಾರು ಭಾಷೆಗಳಲ್ಲಿ ವ್ಯಾಪಾರ ಮಾಡುವ ಈ ಜನರ ಜಾಣ್ಮೆಯನ್ನು ನಾನು ಮೆಚ್ಚುತ್ತೇನೆ. ಅವರ ಎಣ್ಣೆ ಕೊಂಡು ತಲೆಗೆ ಒತ್ತಿಕೊಂಡರೆ ನನ್ನ ತಕರಾರಿಲ್ಲ. ಆದರೆ ಉದ್ದ ಜಡೆಯ ಚಿತ್ರ ಯಾವುದಕ್ಕೂ ಪುರಾವೆಯಲ್ಲ. ಉದ್ದ ಕೂದಲಿನ ವಂಶದವರಿಗೆ ಉದ್ದ ಕೂದಲು ಬರುತ್ತದೆ. ಎಣ್ಣೆ ಹಚ್ಚದ ಅವರ ತಂಗಿಯ ಜಡೆಯನ್ನು ಯಾರೂ ತೋರಿಸಿಲ್ಲ. ಅವರ ಹೆಸರನ್ನು ನಕಲು ಮಾಡಿ ಬೇರಾರೋ ಸೀಸೆ ತುಂಬುತ್ತಿರುವಾಗಲಂತೂ ಒಳಗೇನಿದೆಯೆಂದು ಹೇಳುವವರಾರು?

ಕಾನೂನು ಇಲ್ಲದೆಯೂ ಇಲ್ಲ. 1945ರ ಔಷಧ ಮತ್ತು ಪ್ರಸಾಧನ ನಿಯಮಗಳ "ಜೆ" ಅನುಸೂಚಿಯಲ್ಲಿ, ವಾಸಿ ಮಾಡುತ್ತೇವೆಂದು ಯಾವ ಔಷಧವೂ ಹೇಳಿಕೊಳ್ಳಬಾರದ ತೊಂದರೆಗಳ ಪಟ್ಟಿಯಿದೆ. ಬೋಳುತಲೆಯೂ ಹೊಸ ಕೂದಲ ಬೆಳವಣಿಗೆಯೂ ಅದರಲ್ಲಿವೆ. ಆದರೂ 2024ರ ಡಿಸೆಂಬರಿನಲ್ಲಿ ಮೀರಠ್‌ನಲ್ಲಿ ಬೋಳಿಗೆ ಮದ್ದು ಹಚ್ಚುತ್ತೇವೆಂದವರ ಮುಂದೆ ಸಾವಿರಾರು ಜನ ಸಾಲುಗಟ್ಟಿದರು, ಮೂವರು ಬಂಧಿತರಾದರು. 2025ರ ಮಾರ್ಚಿನಲ್ಲಿ ಪಂಜಾಬಿನ ಸಂಗ್ರೂರಿನಲ್ಲಿ ಇಂಥದೇ ಶಿಬಿರಕ್ಕೆ ಹೋದವರಲ್ಲಿ ಅರವತ್ತಕ್ಕೂ ಹೆಚ್ಚು ಮಂದಿ ಕಣ್ಣುರಿಯಿಂದ ಆಸ್ಪತ್ರೆಗೆ ಓಡಿದರು. ಆ ಸುದ್ದಿ ಓದಿದಾಗ ನನಗೆ ನೆನಪಾದದ್ದು ನಾನು ಬರೆದ ಚೀಟಿ.

ಹಾಗಾದರೆ ಮಾಡುವುದೇನು? ಹೊಂಗೆಯ ಕೆಳಗೆ ನಿಂತ ಹುಡುಗನೂ ಇದನ್ನೇ ಕೇಳಿದ. ಅವನದ್ದು ಇಂದ್ರಲುಪ್ತವಲ್ಲ, ಜ್ವರದ ನಂತರದ್ದೂ ಅಲ್ಲ. ನೋಡಿದರೆ ವಂಶದ ಬೋಳು. ಹಣೆ ಮತ್ತು ನೆತ್ತಿಯ ಬೇರುಗಳು ಪುರುಷ ಹಾರ್ಮೋನಿನ ಒಂದು ರೂಪಕ್ಕೆ ಕುಗ್ಗುತ್ತ ಹೋಗುತ್ತವೆ. ಹಿಂದಲೆಯ ಬೇರುಗಳು ಅದಕ್ಕೆ ಜಗ್ಗುವುದಿಲ್ಲ. ಕೂದಲು ನಾಟಿ ಮಾಡುವವರು ಹಿಂದಿನಿಂದ ಕಿತ್ತು ಮುಂದೆ ನೆಡುವುದು ಅದಕ್ಕಾಗಿಯೇ. ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು. ನುಂಗಿದವರ ಮೈಮೇಲೆಲ್ಲ ಕೂದಲು ಬಂದದ್ದನ್ನು ಕಂಡು ತಲೆಗೆ ಹಚ್ಚುವ ದ್ರಾವಣ ಮಾಡಿದರು. 1988ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಫಿನಾಸ್ಟೆರೈಡ್ ಮಾತ್ರೆ 1997ರಲ್ಲಿ ಬಂತು. ಎರಡನ್ನೂ ಎರಡನೆಯ ಕುಂಡವಿಟ್ಟೇ ಪರೀಕ್ಷಿಸಿದ್ದಾರೆ. ಆದರೆ ಇವೂ ಪವಾಡವಲ್ಲ. ಫಲ ಕಾಣಲು ನಾಲ್ಕಾರು ತಿಂಗಳು ಬೇಕು, ಮೊದಲಲ್ಲಿ ಉದುರುವುದು ಹೆಚ್ಚಾಗಬಹುದು, ಬಿಟ್ಟರೆ ಬಂದದ್ದೂ ಹೋಗುತ್ತದೆ. ಮಾತ್ರೆಯಿಂದ ಕೆಲವರಿಗೆ ದಾಂಪತ್ಯಕ್ಕೆ ಸಂಬಂಧಿಸಿದ ತೊಂದರೆಗಳಾಗುವುದುಂಟು. ಗರ್ಭಿಣಿಯರು ಅದನ್ನು ನುಂಗಲೇಬಾರದು. ವೈದ್ಯರನ್ನು ಕೇಳದೆ ಅಂಗಡಿಯಿಂದ ತರುವ ವಸ್ತುವಲ್ಲ ಅದು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ: ಯಾವುದನ್ನು ಹಚ್ಚಬೇಕೆಂದು ಕೇಳುವ ಮೊದಲು, ಏಕೆ ಉದುರುತ್ತಿದೆಯೆಂದು ತಿಳಿಯಬೇಕು. ಮಕ್ಕಳ ತಲೆಯಲ್ಲಿ ಹೊಟ್ಟು, ತುರಿಕೆಯೊಡನೆ ಕೂದಲು ಮುರಿದರೆ ಅದು ಶಿಲೀಂಧ್ರವಿರಬಹುದು; ಅದಕ್ಕೆ ಮಾತ್ರೆಯೇ ಬೇಕು, ಎಣ್ಣೆ ಉಪಯೋಗವಿಲ್ಲ. ಹೆಣ್ಣುಮಕ್ಕಳಲ್ಲಿ ರಕ್ತಹೀನತೆಯೋ ಥೈರಾಯಿಡೋ ಇದ್ದರೆ ಒಂದು ರಕ್ತಪರೀಕ್ಷೆ ಹೇಳಿಬಿಡುತ್ತದೆ. ತೀವ್ರವಾದ ಇಂದ್ರಲುಪ್ತಕ್ಕೂ 2022ರಿಂದ ಬ್ಯಾರಿಸಿಟಿನಿಬ್ ಎಂಬ ಮಾತ್ರೆ ಅಮೆರಿಕದಲ್ಲಿ ಒಪ್ಪಿಗೆ ಪಡೆದಿದೆ. ನಾಗಮಂಗಲದವರಿಗೆ ಬಿ.ಜಿ. ನಗರದ ವೈದ್ಯಕೀಯ ಕಾಲೇಜಿದೆ, ಉಳಿದವರಿಗೆ ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ ಇವೆ. ನಾಲ್ಕೂವರೆ ಸಾವಿರದ ಎಣ್ಣೆಗಿಂತ ಅಲ್ಲಿಗೆ ಹೋಗಿಬರುವ ಬಸ್ಸಿನ ಚೀಟಿ ಅಗ್ಗ.

ಇದನ್ನು ಬರೆಯಲು ಒಪ್ಪಿಗೆ ಕೇಳಿ ಆ ನನ್ನ ವಿದ್ಯಾರ್ಥಿನಿಗೆ ದೂರವಾಣಿ ಮಾಡಿದ್ದೆ. ಅವರಿಗೀಗ ಐವತ್ತು ಸಮೀಪಿಸಿದೆ. ಮರುವರ್ಷ ಪರೀಕ್ಷೆ ಬರೆದು ಮುಂದೆ ಓದಿದರು, ಮನೆ ಕಟ್ಟಿದರು, ಮಗಳ ಮದುವೆಯನ್ನೂ ಮಾಡಿದರು. ಮೂವತ್ತು ವರ್ಷಗಳಿಂದ ಹೇಳಬೇಕೆಂದಿದ್ದ ಕ್ಷಮೆಯ ಮಾತನ್ನು ಹೇಗೋ ಹೇಳಿದೆ. ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ, "ಬರೀರಿ ಸರ್. ಬೈತಲೆ ಎಡಗಡೆಗೆ ತೆಗೆದು ಬಾಚಿದ್ರೆ ಯಾರಿಗೂ ಕಾಣಲ್ಲ, ನಂಗೂ ಅಭ್ಯಾಸವಾಗಿದೆ. ಆದ್ರೆ ಆ ವರ್ಷ ನನ್ನ ಜೊತೆಯವರೆಲ್ಲ ಕಾಲೇಜಿಗೆ ಹೋಗೋದನ್ನ ಬಾಗಿಲಲ್ಲಿ ನಿಂತು ನೋಡ್ತಿದ್ದೆ ನೋಡಿ, ಅದು ಮರೆಯಲ್ಲ" ಎಂದರು.

ಕೆ.ಆರ್. ಪೇಟೆಯ ಹುಡುಗ ಕಬ್ಬು ಕಡಿದು ಮುಗಿದ ಮೇಲೆ ಚರ್ಮದ ವೈದ್ಯರನ್ನು ಕಂಡುಬಂದನಂತೆ. ದ್ರಾವಣ ಬರೆದುಕೊಟ್ಟಿದ್ದಾರೆ, ಆರು ತಿಂಗಳು ಕಾದು ನೋಡಬೇಕು. ಉಳಿದ ಎರಡು ಸೀಸೆ ಎಣ್ಣೆಯನ್ನು ಅವನ ತಾಯಿ ಮೊಣಕಾಲಿಗೆ ಹಚ್ಚಿಕೊಳ್ಳುತ್ತಿದ್ದಾರೆ. ನೋವು ಕಡಿಮೆಯಾಗಿದೆಯಂತೆ.